ಬಾಗಿಲು ಬಿಡದ ಡಬ್ಬಿ

ಬೆಂಕಿ ಬಿದ್ದ ದಿನ ಕೆಂಪಕ್ಕ ಜೀನ್ಸ್ ಯೂನಿಟ್ಟಿನ ಪ್ಯಾಕಿಂಗ್ ಹಾಲ್‌ನ ಮುಚ್ಚಿದ ಬಾಗಿಲಿನ ಹಿಂದೆ ಹೊಗೆ ಕುಡಿದು ಸತ್ತಳು. ಆ ಬಾಗಿಲನ್ನು ಹೊರಗಿನಿಂದ ಹಾರೆ ಹಾಕಿ ಒಡೆದವನು ಕರೆಂಟ್ ಕೆಲಸದ ಮಾರೇಶ. ಪೊಲೀಸರು ಮಾರೇಶನನ್ನು ಹಿಡಿದು ಸಬ್‌ಜೈಲಿಗೆ ಹಾಕಿದರು.

ಬಾಗಿಲಿನ ಬೀಗ ನಡೆಸುವ ಡಬ್ಬಿ ಕೆಡಿಸಿದವನು ಅವನೇ ಎಂದು ಕೇಸು. ನಾಳೆ ಜಾಮೀನಿನ ವಿಚಾರಣೆ.

ಅಂಥದೇ ಇನ್ನೊಂದು ಡಬ್ಬಿಯ ಮುಂದೆ, ಅದೇ ಯೂನಿಟ್ಟಿನ ಹೊಲಿಗೆ ಹಾಲಿನಲ್ಲಿ, ಪದ್ಮಾವತಮ್ಮ ಸ್ಟೂಲ್ ಹತ್ತಿ ನಿಂತಿದ್ದರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದ ಮೇಲೆ ವಕೀಲರ ಪರವಾಗಿ ಸುಟ್ಟ ಮೋಟರು, ಒಡೆದ ಮೀಟರು ಪರೀಕ್ಷಿಸಿ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಅವರ ಕಸುಬು. ಕೆಳಗೆ ಸ್ಟೂಲು ಅಲುಗದಂತೆ ಹಿಡಿದುಕೊಂಡಿದ್ದವಳು ದೊಡ್ಡಕ್ಕ, ಮಾರೇಶನ ಹೆಂಡತಿ. ತಮ್ಮೂರು ರೊಳ್ಳದಿಂದ ಬೆಳಗಿನ ಬಸ್ಸಿಗೆ ರಾಯದುರ್ಗಕ್ಕೆ ಬಂದಿದ್ದಳು.

ಸುತ್ತ ಜೀನ್ಸ್ ಹೊಲಿಯುವ ಹೆಂಗಸರು. ಯಾರೂ ತಲೆ ಎತ್ತಲಿಲ್ಲ. ಎತ್ತಬಾರದೆಂದು ಅವರಿಗೆ ಹೇಳಲಾಗಿತ್ತು.

ಹೊರಗಡೆ ಯಾರೋ ಹೆಬ್ಬೆರಳು ಒತ್ತಿದರು. ಬೋಲ್ಟು ಟಕ್ಕೆಂದಿತು. ಯೂನಿಟ್ಟಿನ ಯಜಮಾನ ಆದಿನಾರಾಯಣ ಒಳಗೆ ಬಂದ. ಬಾಗಿಲು ಅವನ ಬೆನ್ನ ಹಿಂದೆ ತಾನಾಗಿ ಮುಚ್ಚಿ ಬೋಲ್ಟು ಬಿತ್ತು.

"ಕೋರ್ಟು ಡಬ್ಬಿ ನೋಡಾಕ ಹೇಳೈತ್ರಿ ಮೇಡಂ. ಬಿಚ್ಚಾಕಲ್ಲ."

"ಮುಚ್ಚಿದ ಡಬ್ಬಿ ನೋಡಾಕ ನಾನ್ಯಾಕ ಬೇಕಿತ್ರಿ? ನಿಮ್ಮ ವಾಚ್‌ಮನ್ನೇ ಸಾಕಿತ್ತು."

"ನನ್ನ ಮಷೀನ್ ನಿಲ್ಲಬಾರ್ದು. ಅಷ್ಟೇ."

"ಒಬ್ಬಾಕಿ ಸತ್ತಾಗೂ ಈ ಹಾಲಿನ ಮಷೀನ್ ನಿಂತಿಲ್ಲಂತ ಕೇಳೀನಿ. ನಾನು ಬಂದಿದ್ದಕ್ಕ ನಿಲ್ತಾವೇನು?"

ಹತ್ತಿರದ ಮಷೀನಿನಲ್ಲಿ ಒಂದು ಸೂಜಿ ಮುರಿಯಿತು. ಕೂತಿದ್ದವಳು ತಲೆ ಬಗ್ಗಿಸಿಕೊಂಡೇ ಹೊಸದು ಹಾಕಿದಳು.

ಪದ್ಮಾವತಮ್ಮ ಡಬ್ಬಿಯ ಮುಚ್ಚಳ ತೆಗೆದು ದೊಡ್ಡಕ್ಕನ ಕೈಗೆ ಕೊಟ್ಟರು. ಒಳಗೆ ಅಂಗೈಯಗಲದ, ಒಂದೇ ಬೋರ್ಡಿನ ಕಂಪ್ಯೂಟರು. ಹೆಬ್ಬೆರಳಿನ ಗುರುತು ಹಿಡಿದು ಬೋಲ್ಟು ಎಳೆಸುವುದು ಅದರ ಕೆಲಸ. ಕರೆಂಟ್ ಇಲ್ಲದಿದ್ದರೆ ಬೋಲ್ಟು ಇದ್ದಲ್ಲೇ ಕಚ್ಚಿ ನಿಲ್ಲುತ್ತದೆ. ಹಾಗೆ ನಿಲ್ಲಬಾರದೆಂದೇ ಪಕ್ಕದಲ್ಲಿ ಒಂದು ಕಂಡೆನ್ಸರ್. ಕರೆಂಟ್ ಇರುವಾಗ ಅದು ತುಂಬಿಕೊಂಡಿರಬೇಕು. ಕರೆಂಟ್ ಹೋದ ಕ್ಷಣ ತನ್ನೊಳಗಿನದನ್ನು ಸುರಿದು ಬೋಲ್ಟನ್ನು ಒಂದೇ ಒಂದು ಸಲ ಎಳೆದುಬಿಡಬೇಕು. ಕಂಪ್ಯೂಟರಿಗೆ ಗುಟುಕು ಕರೆಂಟ್ ಸಾಕು. ಬೋಲ್ಟಿಗೆ ಒಂದೇ ಏಟಿಗೆ ಒಂದು ಚೊಂಬು ಬೇಕು.

ಇಲ್ಲಿದ್ದ ಕಂಡೆನ್ಸರ್ ಕಿರುಬೆರಳಿನ ತುದಿಯಷ್ಟಿತ್ತು.

ನಿನ್ನೆ ಠಾಣೆಯಲ್ಲಿ ನೋಡಿದ ಪ್ಯಾಕಿಂಗ್ ಹಾಲಿನ ಡಬ್ಬಿಯಲ್ಲೂ ಇಷ್ಟೇ ಇತ್ತು. ಮಾರೇಶ ಬಾಗಿಲು ಒಡೆದಾಗ ಆ ಡಬ್ಬಿ ಹೊರಗೆ ಬಿದ್ದು, ಸುಡದೆ ಉಳಿದಿತ್ತು.

"ಇದರಾಗ ಬೋಲ್ಟು ಎಳಿಯೋ ಕಸುವಿಲ್ಲ," ಎಂದರು ಪದ್ಮಾವತಮ್ಮ. "ಎರಡೂ ಡಬ್ಬಿ ಒಂದೇ ರೋಗ."

"ರೋಗ ಹಚ್ಚಿದವ ಜೈಲಿನ್ಯಾಗ ಅದಾನಲ್ರಿ," ಎಂದ ಆದಿನಾರಾಯಣ. "ಪಾಠ ಹೇಳಿದ ನಿಮಗ ಗೊತ್ತಿಲ್ದ ವಿಷಯ ಅಲ್ಲ. ಬೋರ್‌ವೆಲ್ ಮೋಟ್ರು ಕಟ್ಟಾಂವನ್ನ ಕರಕೊಂಡು ಬಂದು ಕಂಪ್ಯೂಟ್ರಿಗೆ ಕೈ ಹಚ್ಚಾಕ ಬಿಟ್ಟಿದ್ದು ನನ್ನ ತಪ್ಪು. ಅವಂಗೇನು ತಿಳೀತೈತಿ?"

ದೊಡ್ಡಕ್ಕ ಮುಚ್ಚಳವನ್ನು ಸ್ಟೂಲಿನ ಕಾಲಿಗೆ ಕುಕ್ಕಿದಳು.

"ಏನಂದ್ರಿ? ನಮ್ಮನೆಯೋನಿಗೆ ತಿಳಿಯಾಕಿಲ್ವಾ? ನಮ್ ಸೀಮೆನಾಗೆ ಬೋರು ಆಳಕ್ಕೋದಂಗೆಲ್ಲ ವೋಲ್ಟೇಜ್ ಸಾಯ್ತದೆ. ಮೋಟ್ರು ಗುಂಯ್ ಅಂತ ಏಳದೆ ಕೂತ್ಕಂಡ್ರೆ ಏನ್ ಮಾಡ್ತಾರೆ ಗೊತ್ತಾ? ದೊಡ್ಡ ಕಂಡೆನ್ಸರ್ ಹಾಕ್ತಾರೆ. ಅದಕ್ಕೂ ಏಳ್ಳಿಲ್ವಾ, ಇನ್ನೂ ದೊಡ್ದು. ಸಣ್ಣದು ಹಾಕಿ ಬತ್ತೀನಿ ಅಂತ ರೊಳ್ಳದಾಗೆ ಯಾವನಾರ ಅಂದ್ರೆ ಚಪ್ಲಿ ತಗಂಡ್ ಹೊಡೀತಾರೆ!"

ಯಾರೋ ಕಿಸಕ್ಕೆಂದರು. ಆದಿನಾರಾಯಣ ತಿರುಗಿ ನೋಡಿದ. ಎಲ್ಲ ತಲೆಗಳೂ ಬಟ್ಟೆಯ ಮೇಲಿದ್ದವು.

"ದೊಡ್ಡದು ಹಾಕಿದ್ದೇ ಅವನ ತಪ್ಪೂ ಹೌದು," ಎಂದರು ಪದ್ಮಾವತಮ್ಮ. ದೊಡ್ಡಕ್ಕ ಗಾಬರಿಯಿಂದ ಮೇಲೆ ನೋಡಿದಳು. "ಹೆದರಬೇಡ ತಾಯಿ. ಆ ತಪ್ಪೇ ಅವನನ್ನ ಉಳಿಸ್ತೈತಿ. ರೇವತಿ ಯಾರು ಇಲ್ಲಿ?"

ಮೇನ್ ಸ್ವಿಚ್ಚಿನ ಪಕ್ಕದ ಮೇಜಿನಿಂದ ಒಬ್ಬಳು ಎದ್ದು ನಿಂತಳು. ಲೈನ್ ಸೂಪರ್‌ವೈಸರ್. ಮಾರೇಶನ ವಿರುದ್ಧ ಪೊಲೀಸರ ಬಳಿ ಇದ್ದ ಒಂದೇ ಸಾಕ್ಷಿ ಅವಳು.

"ನೋಡವ್ವಾ ಮಾರಾಯ್ತಿ, ಕಣ್ತುಂಬ ನೋಡು," ಎಂದಳು ದೊಡ್ಡಕ್ಕ. "ಅವ್ನು ನಿನ್ನ ಗೆಳತಿ ಕೆಂಪಕ್ಕನ್ನ ಉಳಿಸಾಕೋಗಿ ಕೈ ಸುಟ್ಕಂಡ. ನೀನವನ್ನ ಜೈಲಿಗ್ ಕಳ್ಸಿ ಇಲ್ಲಿ ಕುರ್ಚಿ ಮ್ಯಾಲ್ ಕೂತಿದ್ದೀಯ."

ರೇವತಿ ಅವಳ ಕಡೆ ನೋಡಲಿಲ್ಲ. "ನಾನು ಕಂಡದ್ದು ಹೇಳೀನ್ರಿ ಮೇಡಂ. ಸುಳ್ಳು ಹೇಳಿಲ್ಲ. ಮಾರೇಶಣ್ಣ ಎರಡೂ ಡಬ್ಬಿ ಬಿಚ್ಚಿದ್ದ. ನಾನೇ ಬ್ಯಾಟರಿ ಲೈಟು ಹಿಡಿದಿದ್ದೆ."

"ಬಿಚ್ಚಿ ಏನು ಹಾಕಿದ?"

"ಕಂಡೆನ್ಸರ್ ರೀ."

"ಎಷ್ಟು ದಪ್ಪದ್ದು?"

ರೇವತಿ ಒಂದು ಕ್ಷಣ ಯಜಮಾನನ ಮುಖ ನೋಡಿದಳು. ಆಮೇಲೆ ತನ್ನ ಮೇಜಿನ ಮೇಲಿದ್ದ ಸ್ಟೀಲ್ ಲೋಟ ಎತ್ತಿ ತೋರಿಸಿದಳು. "ಇಷ್ಟು."

"ಪೊಲೀಸ್ರಿಗೆ ಇದನ್ನ ಹೇಳಿದೇನು?"

"ಅವ್ರು ಕೇಳಲಿಲ್ರಿ. ಬಿಚ್ಚಿದ್ದ ಅಂದ ಕೂಡ್ಲೇ, ಸಾಕು ಹೋಗು ಅಂದ್ರು."

ಮಷೀನುಗಳ ಸದ್ದು ಎಲ್ಲೋ ಒಂದೆರಡು ಕಡೆ ಕಡಿಮೆಯಾಯಿತು. ಆದಿನಾರಾಯಣ ಕರ್ಚೀಫು ತೆಗೆದ. ಮುಖ ಒರೆಸಿಕೊಳ್ಳಲಿಲ್ಲ, ಕೈಯಲ್ಲಿ ಹಿಂಡಿದ.

"ಗಿರೀಶ್!" ಎಂದು ಕೂಗಿದ. "ಬಾ ಇಲ್ಲೆ. ಈ ಅಮ್ಮಗ ತಿಳಿಸಿ ಹೇಳು."

ಹಾಲಿನ ಕೊನೆಯಲ್ಲಿ ನಿಂತಿದ್ದ ಕುರುಚಲು ಗಡ್ಡದ ಆಳು ಹತ್ತಿರ ಬಂದ. ಡಬ್ಬಿ ಮಾರಿದ ಕಂಪನಿಯ ಟೆಕ್ನಿಷಿಯನ್, ಬಳ್ಳಾರಿಯವನು. ಎದೆಯ ಮೇಲೆ ಕಂಪನಿಯ ಮುದ್ರೆ, ಕಿಸೆಯಲ್ಲಿ ಟೆಸ್ಟರು.

"ಮೇಡಂ, ಮಾರೇಶ ದೊಡ್ಡದು ಹಾಕಿದ್ದು ಖರೇ," ಎಂದ ಗಿರೀಶ್. ಪಾಠ ಒಪ್ಪಿಸುವವನ ದನಿ. "ಅದನ್ನ ಹಾಕಿದ ಮ್ಯಾಲೆ ಡಬ್ಬಿ ಶುರು ಆಗ್ತಿರಲಿಲ್ಲ. ಖಾಲಿ ಕಂಡೆನ್ಸರ್ ಅಂದ್ರ ಖಾಲಿ ಹಂಡೆ ಇದ್ದಂಗ್ರಿ. ಸ್ವಿಚ್ ಹಾಕಿದ ಕೂಡ್ಲೇ ಇದ್ದಬದ್ದ ಕರೆಂಟೆಲ್ಲ ತಾನೇ ಎಳಕೊಂತೈತಿ. ಸಪ್ಲೈಗೆ ಅದು ಶಾರ್ಟ್ ಆದಂಗ ಕಾಣ್ತೈತಿ. ಕೈ ಬಿಡ್ತೈತಿ. ಮತ್ತ ಹಿಡೀತೈತಿ, ಮತ್ತ ಬಿಡ್ತೈತಿ. ಕೆಂಪು ದೀಪ ಮಿಟಮಿಟ ಅಂತಿರ್ತೈತಿ, ಕಂಪ್ಯೂಟರ್ ಏಳಂಗಿಲ್ಲ. ಅದಕ್ಕ ತಗದು ಸಣ್ಣದು ಹಾಕ್ಯಾನ. ಹಾಕುವಾಗ ಬೋಲ್ಟಿನ ಲೆಕ್ಕ ಮರ್ತಾನ. ಕೆಲಸ ಬರ್ಲಾರ್ದವ್ರು ಮಾಡೋ ತಪ್ಪು."

"ಕೇಳಿದ್ರ್ಯಾ?" ಎಂದ ಆದಿನಾರಾಯಣ.

"ಕೇಳಿದೆ. ಚೊಲೋ ಹೇಳಿದ. ನನ್ನ ವಿದ್ಯಾರ್ಥಿ ಆಗಿದ್ರ ಪಾಸ್ ಮಾಡ್ತಿದ್ದೆ." ಪದ್ಮಾವತಮ್ಮ ಟಾರ್ಚನ್ನು ಡಬ್ಬಿಯೊಳಗೆ ತಿರುಗಿಸಿದರು. ಸಪ್ಲೈನಿಂದ ಕಂಡೆನ್ಸರಿಗೆ ಹೋಗುವ ದಾರಿಯಲ್ಲಿ ಒಂದು ಕರಿ ಬಿಲ್ಲೆ, ಮೆಣಸಿನಕಾಳಿಗಿಂತ ಸ್ವಲ್ಪ ಅಗಲ, ಎರಡು ಕಾಲಿನ ಮೇಲೆ ನಿಂತಿತ್ತು. "ಗಿರೀಶಪ್ಪಾ, ಇದೇನಿದು?"

ಗಿರೀಶ್ ಬಗ್ಗಿ ನೋಡಲಿಲ್ಲ.

"ನೋಡದನ ಗೊತ್ತೇನು ನಿನಗ?"

"ಎನ್‌ಟಿಸಿ ರೀ."

"ಅದರ ಕೆಲಸ ಏನಂತ ಈ ಹೆಣ್ಮಕ್ಕಳಿಗೆ ಹೇಳು. ಜೋರಾಗಿ ಹೇಳು."

"ತಣ್ಣಗಿದ್ದಾಗ ಕರೆಂಟನ್ನ ತಡೀತೈತ್ರಿ. ಹಂಡೆ ನಿಧಾನಕ್ಕ ತುಂಬ್ತೈತಿ. ಬಿಸಿ ಆದ ಮ್ಯಾಲೆ ದಾರಿ ಬಿಡ್ತೈತಿ."

"ಅಂದ್ರ, ದೊಡ್ಡ ಕಂಡೆನ್ಸರ್ ಇದ್ರೂ ಡಬ್ಬಿ ಶುರು ಆಗ್ಲಿ ಅಂತ ಹಾಕೋ ಔಷಧ. ಹೌದೋ ಅಲ್ಲೋ?"

"ಹೌದ್ರಿ."

"ಈ ಕಿರುಬೆರಳಿನ ತುದಿಯಂಥ ಕಂಡೆನ್ಸರಿಗೆ ಅದು ಬೇಕೇನು?"

ಗಿರೀಶ್ ಕಿಸೆಯ ಟೆಸ್ಟರನ್ನು ಇನ್ನೂ ಒಳಗೆ ತಳ್ಳಿದ.

"ಇದನ್ನ ಹಾಕಿದವ ನೀನು. ಬೆಸುಗೆ ನೋಡಿದ್ರ ಗೊತ್ತಾಗ್ತೈತಿ, ಹೊಲದ ಬದುವಿನ್ಯಾಗ ಕೂತು ಹಾಕಿದ್ದಲ್ಲ. ಬಿಲ್ಲೆ ಕೆಳಗ ಬೋರ್ಡು ಕಂದು ಬಣ್ಣಕ್ಕ ತಿರುಗೈತಿ. ಒಂದು ದಿನದ ಬಿಸಿಗೆ ಹಿಂಗಾಗಲ್ಲ. ತಿಂಗಳುಗಟ್ಲೆ ದುಡದೈತಿ ಇದು. ಪ್ಯಾಕಿಂಗ್ ಡಬ್ಬಿಯಾಗೂ ಇದೇ ಕಂದು. ಮಾರೇಶ ದೊಡ್ಡದು ಹಾಕಿದ, ಡಬ್ಬಿ ಏಳಲಿಲ್ಲ. ನೀನು ಬಂದು ಬಿಲ್ಲೆ ಹಾಕಿದಿ, ಡಬ್ಬಿ ಎದ್ದಿತು. ರೋಗ ವಾಸಿ ಆಗಿತ್ತು. ಮತ್ತ್ಯಾಕ ಆ ದೊಡ್ಡದನ್ನ ತಗದ್ರು?"

ಗಿರೀಶನ ಕಿವಿ ಕೆಂಪಾಗಿತ್ತು. ಕೆಲಸದ ಮಾತಿಗೆ ಬಂದಾಗ ಮನುಷ್ಯನಿಗೆ ಒಂದು ಹಟ ಬರುತ್ತದೆ. ಅವನಿಗೂ ಬಂತು.

"ಪೂರಾ ವಾಸಿ ಆಗಿರ್ಲಿಲ್ರಿ ಮೇಡಂ. ಕರೆಂಟ್ ಹೋಗಿ ತಟ್ಟನ ಬಂದ್ರ? ಬಿಲ್ಲೆ ಇನ್ನೂ ಬಿಸಿ ಇರ್ತೈತಿ, ತಡಿಯಂಗಿಲ್ಲ. ಕಂಡೆನ್ಸರ್ ಬೋಲ್ಟು ಎಳದು ಖಾಲಿ ಆಗಿರ್ತೈತಿ. ಮತ್ತ ಗಬಕ್ಕನ ಎಳಕೊಂತೈತಿ. ಅದರಾಗ ಇಲ್ಲಿ ಮಷೀನೆಲ್ಲ ಒಮ್ಮಿಗೇ ಏಳ್ತಾವು, ವೋಲ್ಟೇಜ್ ಕುಸೀತೈತಿ. ಸಪ್ಲೈ ಕೈ ಬಿಡೋದಾ."

"ಶಾಣ್ಯಾ," ಎಂದರು ಪದ್ಮಾವತಮ್ಮ. ಸ್ಟೂಲಿನಿಂದ ಇಳಿದರು. "ಎಷ್ಟೊತ್ತು ಕೈ ಬಿಡ್ತೈತಿ?"

"ಬಿಲ್ಲೆ ತಣ್ಣಗಾಗೋ ತನಕ. ಒಂದು ನಿಮಿಷ ಅನ್ರಿ. ಆಮ್ಯಾಲೆ ತಾನಾ ಏಳ್ತಿತ್ತು."

"ಆ ಒಂದು ನಿಮಿಷ ಬಾಗಿಲು?"

ಗಿರೀಶ್ ಯಜಮಾನನ ಕಡೆ ನೋಡಿದ.

ಉತ್ತರ ಬಂದದ್ದು ರೇವತಿಯಿಂದ. "ತೆರಕೊಂಡಿರ್ತಿತ್ರಿ."

ಪದ್ಮಾವತಮ್ಮ ಆದಿನಾರಾಯಣನ ಕಡೆ ತಿರುಗಿದರು.

ರಾಯದುರ್ಗದ ಯೂನಿಟ್ಟುಗಳಲ್ಲಿ ಒಂದು ಪದ್ಧತಿ ಇದೆ. ಕರೆಂಟ್ ಹೋದರೆ ಹೆಂಗಸರು ಮಷೀನಿನ ಸ್ವಿಚ್ಚು ಆರಿಸುವುದಿಲ್ಲ. ಹಾಗೇ ಬಿಟ್ಟು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂರುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟರೆಲ್ಲ ಒಟ್ಟಿಗೆ ಗರ್ಜಿಸಿ ಅವರನ್ನು ಒಳಗೆ ಕರೆಯುತ್ತವೆ. ನೀರು ಕುಡಿಯುವುದು, ಮನೆಗೆ ಫೋನ್ ಮಾಡುವುದು, ಬೆನ್ನು ನೆಟ್ಟಗೆ ಮಾಡುವುದು ಎಲ್ಲ ಆ ಹೊತ್ತಿನಲ್ಲೇ. ಯಾವ ಯಜಮಾನನೂ ಕೊಡದ ಬಿಡುವನ್ನು ಕೆಟ್ಟ ಕರೆಂಟು ಕೊಡುತ್ತಿತ್ತು.

"ನೀವು ಜನರೇಟರ್ ತಂದ್ರಿ," ಎಂದರು ಪದ್ಮಾವತಮ್ಮ. "ಕರೆಂಟ್ ಹೋಗಿ ಜನರೇಟರ್ ಹಿಡಿಯೋದ್ರಾಗ ಬಾಗಿಲು ಬಿಡ್ತಿತ್ತು. ಇವ್ರು ಹೊರಗ ಹೋಗ್ತಿದ್ರು. ಒಂದು ನಿಮಿಷದ ಬಾಗಿಲು. ಅದು ನಿಮಗ ತಡಕೊಳ್ಳಾಕ ಆಗಲಿಲ್ಲ, ದೊಡ್ಡದನ್ನ ತಗಿಸಿದ್ರಿ."

"ಕಥಿ ಹೇಳ್ತೀರಿ. ಜನರೇಟರ್ ಬಂದ ಮ್ಯಾಲೆ ಡಬ್ಬಿಗೆ ಕರೆಂಟ್ ಹೋದದ್ದು ಗೊತ್ತಾಗಂಗಿಲ್ಲ. ಬಾಗಿಲು ತೆರಿಯೋ ಪ್ರಸಂಗನಾ ಬರಂಗಿಲ್ಲ. ಇವ್ರಿಗೂ ಹೇಳೀನಿ."

"ಬೆಂಕಿ ಬಿದ್ದ ದಿನ ಪ್ಯಾಕಿಂಗ್ ಹಾಲಿನ ಫ್ಯೂಸೇ ಹೋಯ್ತು. ಜನರೇಟರ್ ಹೊರಗ ನಿಂತು ಹೊಗಿ ಉಗುಳಿತು, ಒಳಗ ಕೆಂಪಕ್ಕ ಹೊಗಿ ನುಂಗಿದ್ಳು. ಗಿರೀಶ್, ಸಣ್ಣ ಕಂಡೆನ್ಸರ್ ತಂದವ ಯಾರು?"

"ಕಳ್ಸಿದ್ದು ನಾನು." ಗಿರೀಶನ ದನಿ ಒಡೆದಿತ್ತು. "ಎರಡು ಬೇಕಂತ ಸಾವ್ಕಾರ್ರು ಫೋನ್ ಮಾಡಿದ್ರು. ಹಾಕಿದ್ದು ನಾನಲ್ರಿ. ದೇವರಾಣಿ ನಾನಲ್ಲ. ಇಲ್ಲೇ ಒಬ್ರು—"

"ನೋರು ಮುಯ್ಯಿ!" ಬಾಯಿ ಮುಚ್ಚು ಎಂದು ಗದರಿ ಆದಿನಾರಾಯಣ ತೆಲುಗಿಗೆ ಇಳಿದ. ಸಿಟ್ಟು ಬಂದಾಗ ಅವನು ತೆಲುಗಿಗೇ ಇಳಿಯುತ್ತಿದ್ದ. ಮತ್ತೆ ತಣ್ಣಗೆ ಪದ್ಮಾವತಮ್ಮನ ಕಡೆ ನೋಡಿದ. "ಮೇಡಂ, ನಿಮ್ಮ ಹೊತ್ತು ಮುಗೀತು. ಹೊರಡ್ರಿ."

"ಹೊರಡ್ತೀನಿ. ನನ್ನ ಮಾತು ಕಥಿ ಆದ್ರ, ಆ ಮೇನ್ ಒಂದ್ಸಲ ಕೆಳಗ ಹಾಕಿಸ್ರಿ. ಬೋಲ್ಟು ಎಳದ್ರ ನಾಳೆ ಕೋರ್ಟಿನ್ಯಾಗ ನಾನೇ ಮಾರೇಶನ ವಿರುದ್ಧ ಹೇಳ್ತೀನಿ."

ದೊಡ್ಡಕ್ಕ ಅವರ ಸೆರಗು ಹಿಡಿದು ಜಗ್ಗಿದಳು. "ಏನಮ್ಮ ಅಂಗಂತೀರಾ!"

"ಮೇನ್ ಮುಟ್ಟೋರ ಕೈ ಮುರೀತೀನಿ," ಎಂದ ಆದಿನಾರಾಯಣ. "ಲೈನ್ ನಡದೈತಿ. ನಾಟಕ ಮಾಡಾಕ ಇದು ಬಯಲಲ್ಲ."

"ಹಂಗಾರ ನಿಮಗ ಗೊತ್ತೈತಿ, ಅದು ಎಳಿಯಂಗಿಲ್ಲಂತ."

"ನನಗ ಗೊತ್ತಿರೋದು ಇಷ್ಟಾ: ಇದು ನನ್ನ ಬಾಗಿಲು. ನಾ ತೆರದ್ರ ತೆರೀತೈತಿ."

ಆಗ ಎಲ್ಲ ಮಷೀನೂ ಒಟ್ಟಿಗೆ ಸತ್ತವು.

ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು. ಟ್ಯೂಬ್‌ಲೈಟು ಹೋಯಿತು. ಕಿಟಕಿಗಳಿಗೆ ಬಟ್ಟೆಯ ಬಂಡಲು ಒಡ್ಡಿದ್ದರಿಂದ ಹಗಲು ಸೀಳುಸೀಳಾಗಿ ಮಾತ್ರ ಒಳಗೆ ಬಿತ್ತು. ಡಬ್ಬಿಯ ಹಸಿರು ದೀಪ ಆರಿತು.

ಬೋಲ್ಟು ಮಿಸುಕಲಿಲ್ಲ.

ಮೇನ್ ಸ್ವಿಚ್ಚಿನ ಹಿಡಿ ಕೆಳಗಿತ್ತು. ಅದರ ಮೇಲೆ ರೇವತಿಯ ಕೈ ಇತ್ತು.

ಹೆಂಗಸರು ಎದ್ದು ನಿಂತರು. ಯಾರೂ ಹೇಳದೆ, ಒಬ್ಬೊಬ್ಬರಾಗಿ ಬಾಗಿಲಿನ ತನಕ ಹೋದರು. ಮುಂದಿದ್ದವಳು ಅಂಗೈಯಿಂದ ತಳ್ಳಿದಳು. ಆಮೇಲೆ ಭುಜದಿಂದ. ತಿರುಗಿ ನಿಂತಳು. ಅವಳ ಮುಖದಲ್ಲಿ ಹೆದರಿಕೆಗಿಂತ ಬೇರೆ ಏನೋ ಇತ್ತು. ಕೆಂಪಕ್ಕ ಕಡೆಗೆ ನೋಡಿದ್ದು ಏನನ್ನು ಎಂದು ಅವಳಿಗೆ ಈಗ ತಿಳಿದಿತ್ತು.

"ಸರೀರಿ, ಸರೀರಿ!" ಆದಿನಾರಾಯಣ ಅವರನ್ನು ದಬ್ಬಿಕೊಂಡು ಹೋಗಿ ಡಬ್ಬಿಯ ಮೇಲೆ ತನ್ನ ಹೆಬ್ಬೆರಳು ಒತ್ತಿದ. ಮತ್ತೆ ಒತ್ತಿದ. ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದ. ಯಜಮಾನನ ಹೆಬ್ಬೆರಳಿಗೂ ಸತ್ತ ಕಂಪ್ಯೂಟರಿಗೂ ಸಂಬಂಧವಿರಲಿಲ್ಲ.

"ವಾಚ್‌ಮನ್!" ಎಂದು ಕೂಗಿದ. ಮಷೀನು ನಿಂತದ್ದು ಕೇಳಿ, ಕರೆಂಟ್ ಹೋಯಿತೆಂದು ಹೊರಗೆ ಯಾರೋ ಜನರೇಟರ್ ಶುರು ಮಾಡಿದ್ದರು. ಅದರ ಅಬ್ಬರದಲ್ಲಿ ಕೂಗು ಕರಗಿತು. ಮೇನ್ ಕೆಳಗಿದ್ದಾಗ ಆ ಜನರೇಟರಿನಿಂದ ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ.

ಆಮೇಲೆ ಅವನು ಯಾರೂ ಎಣಿಸದ ಕೆಲಸ ಮಾಡಿದ. ಬಾಗಿಲಿನ ಎಡಗೋಡೆಗೆ ಓಡಿದ. ಅಲ್ಲಿ ದೇವರ ಪಟವಿತ್ತು, ಪ್ರತಿ ಶುಕ್ರವಾರ ಹೆಂಗಸರೇ ಹೂ ಹಾಕುತ್ತಿದ್ದರು. ಎರಡೂ ಕೈಯಿಂದ ಪಟವನ್ನು ಕಿತ್ತ. ಗಾಜು ನೆಲಕ್ಕೆ ಬಿತ್ತು. ಹಿಂದೆ ಗೋಡೆಯಲ್ಲಿ ಒಂದು ತೂತು, ತೂತಿನಿಂದ ಹೊರಗೆ ಚಾಚಿದ ಉಕ್ಕಿನ ತಂತಿ, ತುದಿಗೆ ಒಂದು ಉಂಗುರ.

"ಏನ್ರಿ ಅದು?" ಎಂದು ಪದ್ಮಾವತಮ್ಮ ಕೇಳಿದರು. ಕೇಳುವಾಗಲೇ ಅವರಿಗೆ ಗೊತ್ತಾಗಿತ್ತು.

ಉತ್ತರ ಕೊಟ್ಟವನು ಗಿರೀಶ್. "ಬೋಲ್ಟಿನ ಕೈತಂತಿ ರೀ. ಎಳದ್ರ ಕರೆಂಟ್ ಇಲ್ದನೂ ಬಾಗಿಲು ಬಿಡ್ತೈತಿ. ಪ್ರತಿ ಡಬ್ಬಿಗೂ ಕೊಡ್ತೀವಿ. ಕೆಲಸದವ್ರಿಗೆ ಕಾಣಬಾರ್ದು ಅಂತ ಸಾವ್ಕಾರ್ರು..."

ಮುಂದೆ ಹೇಳಬೇಕಾಗಿರಲಿಲ್ಲ.

"ಪ್ಯಾಕಿಂಗ್ ಹಾಲಿನ್ಯಾಗೂ ಇತ್ತೇನು?" ಎಂದಳು ರೇವತಿ. ಅವಳು ಕೂಗಲಿಲ್ಲ. "ಪಟದ ಹಿಂದ? ಕೆಂಪಕ್ಕನ ಕೈಗೆ ಸಿಗೋವಷ್ಟು ಹತ್ರ?"

"ನಿನಗ ಉತ್ತರ ಕೊಡಬೇಕಾ ನಾನು?" ಆದಿನಾರಾಯಣ ಉಂಗುರಕ್ಕೆ ಬೆರಳು ತೂರಿಸಿ ಜಗ್ಗಿದ.

ತಂತಿ ಅವನ ಕೈಗೇ ಬಂತು. ಗೇಣುದ್ದದ ತುಂಡು. ಅವನು ಹಿಂದಕ್ಕೆ ವಾಲಿ ಮಷೀನಿಗೆ ಬಡಿದು ನಿಂತ.

ಪದ್ಮಾವತಮ್ಮ ತುಂಡನ್ನು ಕಸಿದುಕೊಂಡು ಟಾರ್ಚ್ ಹಿಡಿದರು. ಹರಿದ ತಂತಿಯಲ್ಲ, ಹರಿದಿದ್ದರೆ ಎಳೆ ಎಳೆಯಾಗಿ ಕೆದರಿರುತ್ತಿತ್ತು. ಇಕ್ಕಳದ ಒಂದೇ ಏಟಿಗೆ ಕತ್ತರಿಸಿದ್ದು. ತುದಿ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕತ್ತರಿಸಿದವರು ತುಂಡನ್ನು ಮತ್ತೆ ತೂತಿಗೆ ತೂರಿಸಿ, ಏನೂ ಆಗದಂತೆ ಪಟ ನೇತು ಹಾಕಿದ್ದರು.

"ಇದನ್ನ ನಾ ಮಾಡಿಸಿಲ್ಲ," ಎಂದ ಆದಿನಾರಾಯಣ. ಮೊದಲ ಸಲ ಅವನ ಮಾತಿನಲ್ಲಿ ಸುಳ್ಳು ಇರಲಿಲ್ಲ. ಅದು ಪದ್ಮಾವತಮ್ಮನಿಗೆ ಕೇಳಿಸಿತು, ಇಷ್ಟವಾಗಲಿಲ್ಲ. "ಸಣ್ಣ ಕಂಡೆನ್ಸರ್ ಬ್ಯಾರೆ. ಇದು ಬ್ಯಾರೆ. ಬೆಂಕಿ ಬಿದ್ದ ದಿನ ಪ್ಯಾಕಿಂಗ್ ಹಾಲಿಗೆ ಮಾಲು ನೋಡಾಕ ನಾನು ಹೋಗೋದಿತ್ತು. ಕಡೀ ಗಳಿಗೆಗೆ ಹೋಗಲಿಲ್ಲ. ಅಲ್ಲೂ ತಂತಿ ಹಿಂಗ ಕತ್ತರಿಸಿದ್ರ, ನನ್ನನ್ನ... ನನ್ನನ್ನ ಕೊಲ್ಲಾಕ ಯಾರೋ..."

"ಸತ್ತಿದ್ದು ಅವ್ಳು," ಎಂದಳು ದೊಡ್ಡಕ್ಕ. "ಜೈಲಾಗಿರೋನು ನನ್ನ ಗಂಡ. ನಿಂದೇನು ಗೋಳು?"

ಸೆಕೆ ಏರುತ್ತಿತ್ತು. ಇಸ್ತ್ರಿ ಮೇಜಿನ ಕಾವು ಇನ್ನೂ ಆರಿರಲಿಲ್ಲ. ಪದ್ಮಾವತಮ್ಮ ಗಿರೀಶನ ತೋಳು ಹಿಡಿದರು. "ಸಣ್ಣದು ಹಾಕಿದ್ದು ಇಲ್ಲೇ ಒಬ್ರು ಅಂದಿ. ಈ ತಂತಿ ಕತ್ತರಿಸಿದ್ದೂ ಅಂಥಾ ಇಕ್ಕಳ ಹಿಡಿಯೋ ಕೈ. ಈಗ ಇಲ್ಲೇ ಅದಾರೇನು? ಈ ಹಾಲಿನ್ಯಾಗ?"

ಗಿರೀಶ್ ಕತ್ತಲೆಯಲ್ಲಿ ಒಂದೊಂದೇ ಮುಖ ನೋಡುತ್ತ ಹೋದ. ಒಂದು ಕಡೆ ಅವನ ಕಣ್ಣು ನಿಂತಿತು. ತಟ್ಟನೆ ನೆಲಕ್ಕೆ ಇಳಿಯಿತು.

"ಹೇಳಬ್ಯಾಡ!" ಎಂದ ಆದಿನಾರಾಯಣ. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. "ಮೊದ್ಲು ಇಲ್ಲಿಂದ ಹೊರಗ. ರೇವತಿ, ಮೇನ್ ಹಾಕು."

ರೇವತಿ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ಅದರ ಮುಂದೆ ಅಡ್ಡ ನಿಂತಳು. ಬಾಗಿಲ ಬಳಿ ಇದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಎರಡೂ ಪಕ್ಕ ನಿಂತರು.

"ಕಿವಿ ಕೇಳಿಸಂಗಿಲ್ಲೇನು? ಮೇನ್ ಹಾಕಂದೆ!"

"ಇಲ್ರಿ ಸಾವ್ಕಾರ್ರ," ಎಂದಳು ರೇವತಿ. "ಗಿರೀಶ ಆ ಹೆಸರು ಹೇಳೋ ತನಕ ನಾ ಹಾಕಂಗಿಲ್ಲ."